‘ಮನೆಗೆ ಕರೆದುಕೊಂಡು ಹೋಗಿ’ ಎಂದ ಮೇಲೆ: ಮಂಡ್ಯ–ಮೈಸೂರಿನಲ್ಲಿ ಕೊನೆಗಾಲದ ಆರೈಕೆ ಹುಡುಕುವ ಬಗೆ

ವೈದ್ಯರು ಅಪ್ಪನ ಫೈಲನ್ನು ಮುಚ್ಚಿ, ಪೆನ್ನನ್ನು ಜೇಬಿಗಿಟ್ಟುಕೊಂಡು, “ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ” ಎಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ದಿನ ಸಾರ್?” ಆ ಪ್ರಶ್ನೆಗೆ ಅವರ ಹತ್ತಿರವೂ ಉತ್ತರವಿರಲಿಲ್ಲ. ಕೇಳಬೇಕಾಗಿದ್ದದ್ದು ಬೇರೆ: “ರಾತ್ರಿ ನೋವು ಬಂದರೆ ಯಾರಿಗೆ ಫೋನ್ ಮಾಡಲಿ?” ಅದು ನನಗೆ ಹೊಳೆಯುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ರಾತ್ರಿ ಅಪ್ಪ ಮಲಗಲಾರದೆ, ಕೂರಲಾರದೆ, ಕಬ್ಬಿಣದ ಮಂಚದ ಸರಳಿಗೆ ಹಣೆ ಒತ್ತಿಕೊಂಡು ಕಳೆದರು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಮನೆಯಲ್ಲಿದ್ದದ್ದು ಪ್ಯಾರಾಸಿಟಮಾಲ್ ಮತ್ತು ನೋವಿನ ಮುಲಾಮು.

ಆ ಹನ್ನೊಂದು ದಿನ ಬೇರೆಯವರಿಗೆ ಬಾರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಮಂಡ್ಯದಲ್ಲಿ ಮನೆ ಮಾಡಿಕೊಂಡು, ಮೈಸೂರಿಗೂ ಬೆಂಗಳೂರಿಗೂ ಫೈಲು ಹಿಡಿದು ಓಡಾಡಿದ ಮಗ, ಅಷ್ಟೆ. ಔಷಧಿಯ ಪ್ರಮಾಣದ ಮಾತನ್ನು ವೈದ್ಯರಿಗೇ ಬಿಡುತ್ತೇನೆ.

ಮೊದಲು ಹೆಸರು ತಿಳಿದಿರಲಿ

ನೀವು ಹುಡುಕುತ್ತಿರುವುದಕ್ಕೆ ಎರಡು ಹೆಸರುಗಳಿವೆ. ಒಂದು ‘ಪ್ಯಾಲಿಯೇಟಿವ್ ಕೇರ್’. ಸರ್ಕಾರಿ ಕಾಗದಪತ್ರಗಳಲ್ಲಿ ಇದು ಉಪಶಮನ ಆರೈಕೆ ಅಥವಾ ಉಪಶಾಮಕ ಆರೈಕೆ. ಕಾಯಿಲೆ ವಾಸಿಯಾಗಲಿ ಬಿಡಲಿ, ನೋವು, ವಾಂತಿ, ಉಸಿರಾಟದ ಕಷ್ಟ, ಮಲಬದ್ಧತೆ, ಹುಣ್ಣು, ಭಯ ಇವುಗಳಿಗೆ ಮಾಡುವ ಚಿಕಿತ್ಸೆ. ಕಾಯಿಲೆ ಪತ್ತೆಯಾದ ದಿನದಿಂದಲೇ, ಕೀಮೋ ನಡೆಯುತ್ತಿರುವಾಗಲೇ ಇದನ್ನು ಪಡೆಯಬಹುದು. ಇನ್ನೊಂದು ‘ಹಾಸ್ಪಿಸ್’. ವಾಸಿ ಮಾಡುವ ಪ್ರಯತ್ನ ಮುಗಿದ ಮೇಲೆ ಕೊನೆಯ ತಿಂಗಳುಗಳಲ್ಲಿ, ಕೊನೆಯ ವಾರಗಳಲ್ಲಿ ಸಿಗುವ ಆರೈಕೆ. 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಅವರು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದಲ್ಲಿಂದ ಈಗಿನ ರೂಪದ ಹಾಸ್ಪಿಸ್ ಶುರುವಾಯಿತು. ನಮ್ಮ ದೇಶದ ಮೊದಲನೆಯದು 1986ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶಾಂತಿ ಆವೇದನಾ ಸದನ.

ಹಾಸ್ಪಿಸ್ ಎಂದರೆ ಒಂದು ಕಟ್ಟಡ, ಅಲ್ಲಿ ಕೊಂಡೊಯ್ದು ಬಿಟ್ಟು ಬರುವುದು ಎಂದು ನಾನೂ ತಿಳಿದಿದ್ದೆ. ನಮ್ಮ ಕಡೆ ಅದು ಹೆಚ್ಚಾಗಿ ಮನೆ ಬಾಗಿಲಿಗೆ ಬರುವ ಒಂದು ವಾಹನ. ಅದರಲ್ಲಿ ಒಬ್ಬ ನರ್ಸ್, ಒಮ್ಮೊಮ್ಮೆ ವೈದ್ಯರು, ಒಂದು ಚೀಲ. ಇದನ್ನು ತಿಳಿಯದೆ ನಾನು ಹಾಸಿಗೆ ಇರುವ ಜಾಗವನ್ನೇ ಹುಡುಕುತ್ತಾ ದಿನ ಕಳೆದೆ.

‘ಹೋಮ್ ನರ್ಸಿಂಗ್’ ಎಂದು ಬೋರ್ಡು ಹಾಕಿಕೊಂಡ ಏಜೆನ್ಸಿಗಳೇ ಬೇರೆ. ಅವರು ಸ್ನಾನ ಮಾಡಿಸಲು, ಮಗ್ಗುಲು ತಿರುಗಿಸಲು ಜನರನ್ನು ಕಳುಹಿಸುತ್ತಾರೆ, ತಿಂಗಳಿಗೆ ಇಷ್ಟು ಎಂದು ಹಣ ಪಡೆಯುತ್ತಾರೆ. ಅವರಿಂದಲೂ ಉಪಕಾರವಿದೆ, ಆದರೆ ನೋವಿಗೆ ಚಿಕಿತ್ಸೆ ಅವರ ಕೆಲಸವಲ್ಲ. ವೃದ್ಧಾಶ್ರಮಗಳೂ ಹಾಗೆಯೇ. ಹಾಸಿಗೆ ಹಿಡಿದವರನ್ನು ಬಹಳ ಕಡೆ ಸೇರಿಸಿಕೊಳ್ಳುವುದೇ ಇಲ್ಲ.

ಇದು ಕ್ಯಾನ್ಸರಿನವರಿಗೆ ಮಾತ್ರವೂ ಅಲ್ಲ. ಡಯಾಲಿಸಿಸ್ ಇನ್ನು ಬೇಡ ಎಂದವರು, ಹೃದಯ ಸೋತವರು, ಹೊಗೆ ಕುಡಿದು ಶ್ವಾಸಕೋಶ ಕೆಟ್ಟವರು, ಮರೆವಿನ ಕಾಯಿಲೆಯ ಕೊನೆ ಹಂತದವರು, ಲಕ್ವ ಹೊಡೆದು ಏಳಲಾರದವರು, ಎಲ್ಲರಿಗೂ ಉಪಶಮನ ಆರೈಕೆ ಬೇಕು. ಆದರೆ ಕೆಲವು ಹಾಸ್ಪಿಸ್‌ಗಳು ಕ್ಯಾನ್ಸರ್ ರೋಗಿಗಳನ್ನಷ್ಟೇ ತೆಗೆದುಕೊಳ್ಳುತ್ತವೆ. ಅದನ್ನು ಫೋನಿನಲ್ಲೇ ಮೊದಲು ಕೇಳಿಕೊಳ್ಳಿ.

“ಅಲ್ಲಿಗೆ ಹೋದರೆ ಬೇಗ ಹೋಗಿಬಿಡುತ್ತಾರಂತೆ” ಎಂಬ ಮಾತು ನಮ್ಮ ಬೀದಿಯಲ್ಲೇ ಮೂರು ಜನರಿಂದ ಕೇಳಿದೆ. 2010ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ರೋಗಿಗಳ ಮೇಲೆ ನಡೆದ ಅಧ್ಯಯನ ಇದಕ್ಕೆ ತಿರುಗುಮುರುಗಾದದ್ದನ್ನು ಹೇಳುತ್ತದೆ. ಮೊದಲಿನಿಂದಲೇ ಉಪಶಮನ ಆರೈಕೆಯನ್ನೂ ಪಡೆದವರು ಸುಮಾರು 11.6 ತಿಂಗಳು, ಪಡೆಯದವರು 8.9 ತಿಂಗಳು ಬದುಕಿದ್ದರು. ಎಲ್ಲ ಕಾಯಿಲೆಗೂ ಇದೇ ಲೆಕ್ಕ ಎಂದು ಹಿಡಿಯಬೇಡಿ. ‘ಬೇಗ ಹೋಗಿಬಿಡುತ್ತಾರೆ’ ಎಂಬ ಮಾತಿಗೆ ಆಧಾರವಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಆಸ್ಪತ್ರೆ ಬಿಡುವ ಮುನ್ನ

ಬಹಳ ಮನೆಗಳಲ್ಲಿ ನಡೆಯುವುದು ಇದು: ಹಣ ಮುಗಿಯುತ್ತದೆ, ಧೈರ್ಯವೂ ಮುಗಿಯುತ್ತದೆ, ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದುಕೊಂಡು ಹೋಗುತ್ತಿದ್ದೇವೆ’ ಎಂಬ ಕಾಗದಕ್ಕೆ ಸಹಿ ಹಾಕಿ ಆಂಬುಲೆನ್ಸ್ ಹತ್ತಿಸುತ್ತಾರೆ. ಹಾಗೆ ಹೊರಟರೆ ಕೈಗೆ ನೋವಿನ ಔಷಧಿ ಸಿಗುವುದಿಲ್ಲ, ಮುಂದೆ ಯಾರನ್ನು ಕಾಣಬೇಕೆಂಬ ಚೀಟಿಯೂ ಸಿಗುವುದಿಲ್ಲ. ಅದರ ಬದಲು ವೈದ್ಯರ ಎದುರು ಕುಳಿತು, “ವಾಸಿಯಾಗುವುದಿಲ್ಲ ಎಂದು ನಮಗೆ ಗೊತ್ತಾಗಿದೆ. ಪ್ಯಾಲಿಯೇಟಿವ್ ಕೇರ್‌ಗೆ ಬರೆದುಕೊಡಿ” ಎಂದು ಬಾಯಿಬಿಟ್ಟು ಕೇಳಿ. ನಾವು ಕೇಳದಿದ್ದರೆ ಎಷ್ಟೋ ಕಡೆ ಅವರಾಗಿ ಹೇಳುವುದಿಲ್ಲ.

ಬಿಡುಗಡೆ ಪತ್ರದಲ್ಲಿ ಕಾಯಿಲೆಯ ಹೆಸರು ಮತ್ತು ಹಂತ ಬಿಡಿಸಿ ಬರೆದಿರಬೇಕು. ವಾಸಿ ಮಾಡುವ ಚಿಕಿತ್ಸೆ ಇನ್ನು ಸಾಧ್ಯವಿಲ್ಲ ಎಂಬ ಒಂದು ಸಾಲು ಇರಲೇಬೇಕು. ಹಾಸ್ಪಿಸ್‌ನವರು ಮೊದಲು ನೋಡುವುದು ಅದನ್ನೇ. ಬಯಾಪ್ಸಿ ವರದಿ, ಕೊನೆಯ ಸ್ಕ್ಯಾನ್, ಈಗ ನುಂಗುತ್ತಿರುವ ಔಷಧಿಗಳ ಪಟ್ಟಿ, ಆಧಾರ್, ಪಡಿತರ ಚೀಟಿ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿಡಿ. ಎಲ್ಲ ಪುಟಗಳ ಫೋಟೋ ಮೊಬೈಲಿನಲ್ಲಿರಲಿ. ಮೂಗಿನ ನಳಿಕೆ, ಮೂತ್ರದ ನಳಿಕೆ, ಗಂಟಲಿನ ರಂಧ್ರ, ಮಲ ಸೇರಲು ಹೊಟ್ಟೆಯ ಮೇಲೆ ಅಂಟಿಸಿದ ಚೀಲ ಇದ್ದರೆ ಅದನ್ನು ನೋಡಿಕೊಳ್ಳುವ ಕೆಲಸವನ್ನು ವಾರ್ಡಿನ ಸಿಸ್ಟರ್ ಹತ್ತಿರ ನಿಂತು, ನಿಮ್ಮ ಕೈಯಿಂದಲೇ ಒಮ್ಮೆ ಮಾಡಿ ಕಲಿತುಕೊಳ್ಳಿ. ನೋಡಿದ್ದು ಮನೆಗೆ ಬರುವಷ್ಟರಲ್ಲಿ ಮರೆತಿರುತ್ತದೆ.

ಮೂಳೆಗೆ ಹರಡಿದ ಕ್ಯಾನ್ಸರ್ ಆಗಿದ್ದರೆ ಇನ್ನೊಂದು ಪ್ರಶ್ನೆ ಕೇಳಿ: “ನೋವಿಗಾಗಿ ಒಂದೇ ಸಲದ ವಿಕಿರಣ ಕೊಡಬಹುದೇ?” ಮೂಳೆನೋವು ಇಳಿಸಲು ಹತ್ತು ದಿನದ ವಿಕಿರಣದಷ್ಟೇ ಒಂದು ದಿನದ್ದೂ ಬಹಳ ಮಂದಿಗೆ ಕೆಲಸ ಮಾಡುತ್ತದೆ. ನಿತ್ಯ ಮಂಡ್ಯದಿಂದ ಮೈಸೂರಿಗೆ ನಲವತ್ತೈದು ಕಿಲೋಮೀಟರ್ ಕಾರಿನಲ್ಲಿ ಕುಲುಕಾಡಿಸಿಕೊಂಡು ಹೋಗುವ ಜೀವಕ್ಕೆ ಅದು ಸಣ್ಣ ಮಾತಲ್ಲ. ಬೆನ್ನುಮೂಳೆಗೆ ಹರಡಿದವರಲ್ಲಿ ಇದ್ದಕ್ಕಿದ್ದಂತೆ ಕಾಲುಗಳ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ‘ಹೇಗೂ ಕೊನೆಗಾಲ’ ಎಂದು ಬಿಟ್ಟರೆ, ಉಳಿದ ದಿನಗಳನ್ನು ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಕಳೆಯಬೇಕಾದೀತು.

ಎಲ್ಲಿ ಹುಡುಕುವುದು

ಮೈಸೂರಿನಲ್ಲಿರುವವರಿಗೆ ಹತ್ತಿರದ ದಾರಿಗಳು ಇವು. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆ ಮೈಸೂರಿನಲ್ಲಿ ರೋಗಿಯ ಮನೆಗೇ ಹೋಗಿ ಉಪಶಮನ ಆರೈಕೆ ನೀಡುತ್ತಾ ಬಂದಿದೆ. 1984ರಲ್ಲಿ ವೈದ್ಯ ವಿದ್ಯಾರ್ಥಿಗಳಿಂದ ಹುಟ್ಟಿದ ಈ ಸಂಸ್ಥೆಯ ಆಸ್ಪತ್ರೆ ಸರಗೂರಿನಲ್ಲಿದೆ. ಹೆಗ್ಗಡದೇವನಕೋಟೆ ಕಡೆಯವರಿಗೆ ಅದು ಗೊತ್ತಿರುವುದೇ. ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಕ್ಯಾನ್ಸರಿಗೇ ಮೀಸಲಾದ ಆಸ್ಪತ್ರೆಗಳು, ಇಲ್ಲೆಲ್ಲ ‘ಕ್ಯಾನ್ಸರ್ ವಿಭಾಗ’ ಎಂದಷ್ಟೇ ಕೇಳಬೇಡಿ. ‘ನೋವಿನ ಚಿಕಿತ್ಸೆ ಯಾರು ಮಾಡುತ್ತಾರೆ?’ ಎಂದು ಕೇಳಿ. ಬಹಳ ಆಸ್ಪತ್ರೆಗಳಲ್ಲಿ ಆ ಕೆಲಸ ಅರಿವಳಿಕೆ ತಜ್ಞರ ಕೈಯಲ್ಲಿರುತ್ತದೆ. ಅವರ ಕೋಣೆ ಯಾವುದೋ ಮೂಲೆಯಲ್ಲಿರುತ್ತದೆ, ಬಾಗಿಲಲ್ಲಿ ನೂಕುನುಗ್ಗಲೂ ಇರುವುದಿಲ್ಲ.

ಮಂಡ್ಯದವರು ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ, ಅಂದರೆ ನಾವೆಲ್ಲ ಮಿಮ್ಸ್ ಎನ್ನುವ ಜಿಲ್ಲಾ ಆಸ್ಪತ್ರೆಯಲ್ಲಿ, ಇದೇ ಪ್ರಶ್ನೆಯಿಂದ ಶುರುಮಾಡಬೇಕು. ನಾಗಮಂಗಲದ ಕಡೆಯವರಿಗೆ ಬೆಳ್ಳೂರಿನ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ಮನೆಗೆ ಬರುವ ತಂಡಗಳಿಗೆ ಇಷ್ಟು ದೂರ ಎಂಬ ಗಡಿ ಇರುತ್ತದೆ. ಶ್ರೀರಂಗಪಟ್ಟಣದವರೆಗೆ ಬರುವವರು ಮಳವಳ್ಳಿಗೆ ಬಾರದೆ ಇರಬಹುದು. ಹಾಗಿದ್ದಾಗ ‘ಬರುವುದಿಲ್ಲ’ ಎಂದ ಕೂಡಲೇ ಫೋನ್ ಇಡಬೇಡಿ. ರೋಗಿಯನ್ನು ಒಮ್ಮೆ ತೋರಿಸಿ, ಮುಂದೆ ಫೋನಿನಲ್ಲಿ ಸಲಹೆ ಕೊಡುತ್ತೀರಾ, ಮನೆಯವರು ಬಂದು ಔಷಧಿ ಒಯ್ಯಬಹುದೇ ಎಂದು ಕೇಳಿ. ನಮಗೆ ಹೀಗೆ ಕೇಳಿದ್ದರಿಂದಲೇ ದಾರಿಯಾಯಿತು.

ಊರಿನ ಆಶಾ ಕಾರ್ಯಕರ್ತೆಗೂ ಹೇಳಿ. ಸರ್ಕಾರದ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಿಗಬೇಕಾದ ಹನ್ನೆರಡು ಬಗೆಯ ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆ ಮತ್ತು ಉಪಶಮನ ಆರೈಕೆಯೂ ಸೇರಿದೆ. ಪಟ್ಟಿಯಲ್ಲಿರುವುದು ಬೇರೆ, ಬಾಗಿಲಿಗೆ ಬರುವುದು ಬೇರೆ, ನಿಜ. ಆದರೂ ಡ್ರೆಸ್ಸಿಂಗ್ ಮಾಡಲು, ಮೂತ್ರದ ನಳಿಕೆ ಬದಲಿಸಲು ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ನೆರವಿಗೆ ಬಂದ ಮನೆಗಳನ್ನು ಕಂಡಿದ್ದೇನೆ.

ಒಳರೋಗಿಯಾಗಿ ಇಡಲೇಬೇಕು, ಮನೆಯಲ್ಲಿ ಸಾಧ್ಯವೇ ಇಲ್ಲ ಎಂದಾದರೆ ಬೆಂಗಳೂರಿನ ಕರುಣಾಶ್ರಯವನ್ನು ಕೇಳಿ. ಮಾರತ್ತಹಳ್ಳಿ ಕಡೆಯಿರುವ ಈ ಹಾಸ್ಪಿಸ್ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತದೆ. ಮಂಡ್ಯದಿಂದ ನೂರು ಕಿಲೋಮೀಟರಿಗೂ ಮೇಲಾಗುತ್ತದೆ. ಹೊರಡುವ ಮುನ್ನ ಫೋನ್ ಮಾಡಿ, ಹಾಸಿಗೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಎಲ್ಲಿಂದ ಶುರುಮಾಡಬೇಕೆಂದೇ ತೋಚದಿದ್ದರೆ, ತಿರುವನಂತಪುರದ ಪ್ಯಾಲಿಯಂ ಇಂಡಿಯಾ ಸಂಸ್ಥೆ ಇಡೀ ದೇಶಕ್ಕಾಗಿ ನಡೆಸುವ ‘ಸಾಥ್-ಸಾಥ್’ ಸಹಾಯವಾಣಿ ಇದೆ: 1800 202 7777. ರಾಜ್ಯದ ಆರೋಗ್ಯವಾಣಿ 104, ಹಿರಿಯ ನಾಗರಿಕರ ಸಹಾಯವಾಣಿ 14567.

ನಮ್ಮ ನೆಂಟರೊಬ್ಬರು ಮಾನಂತವಾಡಿಯಲ್ಲಿದ್ದಾರೆ. ಹೆಗ್ಗಡದೇವನಕೋಟೆಯಿಂದ ಕಾಡು ದಾಟಿ ಬಾವಲಿಯ ಆಚೆ ಹೋದರೆ ಸಾಕು, ಪಂಚಾಯಿತಿಯ ಪ್ಯಾಲಿಯೇಟಿವ್ ನರ್ಸ್ ಮನೆಮನೆಗೆ ಬರುತ್ತಾರೆ. ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿಕೊಂಡಿತ್ತು. ಕಾಡು ಒಂದೇ, ಕಬಿನಿಯ ನೀರೂ ಒಂದೇ, ಈಚೆ ದಡದವರು ಫೈಲು ಹಿಡಿದು ಅಲೆಯಬೇಕು. ಹೊಟ್ಟೆಯುರಿಯಿಂದಲೇ ಬರೆಯುತ್ತಿದ್ದೇನೆ.

ಫೋನಿನಲ್ಲಿ ಕೇಳಬೇಕಾದ ಮಾತು

ಮೊದಲನೆಯದು: ನಿಮ್ಮಲ್ಲಿ ಮಾರ್ಫಿನ್ ಮಾತ್ರೆ ಇದೆಯೇ? ಬೇರೆ ಮಾತ್ರೆಗೆ ಬಗ್ಗದ ನೋವಿಗೆ ಕೊಡುವ ಔಷಧಿ ಅದು. ಇದಕ್ಕೆ ಸಿಗುವ ಉತ್ತರದಿಂದಲೇ ಅರ್ಧ ವಿಷಯ ತಿಳಿಯುತ್ತದೆ. ಆಮೇಲೆ, ಮನೆಗೆ ಎಷ್ಟು ದಿನಕ್ಕೊಮ್ಮೆ ಬರುತ್ತೀರಿ, ರಾತ್ರಿ ಫೋನ್ ಎತ್ತುವವರು ಯಾರು, ಯಾವುದಕ್ಕಾದರೂ ಹಣ ಕೊಡಬೇಕೇ, ಗಾಳಿಹಾಸಿಗೆ, ಕಮೋಡ್ ಕುರ್ಚಿ, ಆಮ್ಲಜನಕದ ಯಂತ್ರ ಎರವಲು ಕೊಡುತ್ತೀರಾ? ಒಳರೋಗಿಯಾಗಿ ಸೇರಿಸುವುದಾದರೆ ಮನೆಯವರೊಬ್ಬರು ಜೊತೆಯಲ್ಲಿ ಇರಲೇಬೇಕೇ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ನೋವು ಹತೋಟಿಗೆ ಬಂದ ಮೇಲೆ ಮನೆಗೆ ಕಳುಹಿಸುತ್ತೀರಾ? ಹಾಸ್ಪಿಸ್‌ಗೆ ಹೋದವರು ಮರಳಿ ಬರುವುದೇ ಇಲ್ಲ ಎಂದೇನಿಲ್ಲ. ವಾರ, ಹದಿನೈದು ದಿನ ಇದ್ದು ಸುಧಾರಿಸಿಕೊಂಡು ಮನೆಗೆ ಬರುವವರಿದ್ದಾರೆ.

ಮಾರ್ಫಿನ್ ಎಂಬ ಹೆಸರಿಗೆ ಬೆಚ್ಚಬೇಡಿ

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಮನೆ ತಲೆಕೆಳಗಾದದ್ದೂ ನೆಟ್ಟಗಾದದ್ದೂ ಇಲ್ಲೇ.

ಮೈಸೂರಿನ ಕೇಂದ್ರದ ನರ್ಸ್ ಕೊಟ್ಟ ಮಾತ್ರೆಯ ಹೆಸರು ಕೇಳಿ ನಮ್ಮ ಚಿಕ್ಕಪ್ಪ, “ಅದು ಅಫೀಮು ಕಣೋ, ಚಟ ಹಿಡಿಸುತ್ತದೆ” ಎಂದರು. ಅಫೀಮಿನಿಂದಲೇ ಬಂದದ್ದು, ಸುಳ್ಳಲ್ಲ. ಆದರೆ ಕ್ಯಾನ್ಸರ್ ನೋವಿಗೆ ವೈದ್ಯರು ಲೆಕ್ಕ ಹಾಕಿ ಕೊಡುವಾಗ ಚಟದ ಮಾತು ಬಹುಮಟ್ಟಿಗೆ ಬರುವುದಿಲ್ಲ. ನೋವು ಹೆಚ್ಚಿದರೆ ಪ್ರಮಾಣ ಹೆಚ್ಚಿಸುತ್ತಾರೆ, ವಿಕಿರಣದಿಂದ ನೋವು ತಗ್ಗಿದರೆ ಹಂತಹಂತವಾಗಿ ಇಳಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಇದಕ್ಕೊಂದು ಮೆಟ್ಟಿಲು ಕಟ್ಟಿಕೊಟ್ಟಿತ್ತು: ಸಣ್ಣ ನೋವಿಗೆ ಪ್ಯಾರಾಸಿಟಮಾಲ್‌ನಂಥದ್ದು, ಅದರ ಮೇಲೆ ಕೊಡೀನ್‌ನಂಥದ್ದು, ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್. ನಮ್ಮಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ ಪರವಾನಗಿಗಳ ಕಾಟಕ್ಕೆ ಹೆದರಿ ಎಷ್ಟೋ ಆಸ್ಪತ್ರೆಗಳು ಇದನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯಿಂದ ನಿಯಮ ಸಡಿಲವಾಯಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಿಗಳನ್ನು ಅಗತ್ಯ ಮಾದಕ ಔಷಧಿಗಳೆಂದು ಪಟ್ಟಿ ಮಾಡಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅವನ್ನು ಇಟ್ಟುಕೊಳ್ಳಲು ದಾರಿ ಮಾಡಲಾಯಿತು. ಆದರೂ ಬೀದಿ ಬದಿಯ ಔಷಧಿ ಅಂಗಡಿಯಲ್ಲಿ ಇದು ಸಿಗುತ್ತದೆಂದು ನಂಬಿಕೊಳ್ಳಬೇಡಿ. ಮಾನ್ಯತೆ ಇರುವ ಸಂಸ್ಥೆಗೇ ಹೋಗಬೇಕು. ಮಾತ್ರೆ ಮುಗಿಯುವುದಕ್ಕೆ ನಾಲ್ಕು ದಿನ ಮುಂಚೆಯೇ ಹೋಗಿ. ಹಬ್ಬ, ಭಾನುವಾರ ನೋಡಿಕೊಳ್ಳಿ.

ಮಾಮೂಲಿ ಮಾರ್ಫಿನ್ ಮಾತ್ರೆಯ ಬಲ ಸುಮಾರು ನಾಲ್ಕು ಗಂಟೆ. ಆದ್ದರಿಂದ ನೋವು ಬಂದಾಗ ಕೊಡುವುದಲ್ಲ, ನೋವು ಬರುವ ಮೊದಲೇ ಗಡಿಯಾರ ನೋಡಿ ಕೊಡುವುದು. ನಮಗೆ ಬರೆದುಕೊಟ್ಟದ್ದು ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ಮತ್ತು ರಾತ್ರಿ 10ಕ್ಕೆ ಎರಡರಷ್ಟು. ನಡುರಾತ್ರಿ ಎಬ್ಬಿಸದಿರಲಿ ಎಂದು. ಸಿಸ್ಟರ್ ಇದನ್ನು ಓದಿ ಹೇಳುತ್ತಿದ್ದಾಗ, ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ದುಡಿದ ಅಪ್ಪ ಕಣ್ಣು ಮುಚ್ಚಿಕೊಂಡೇ, “ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು, ನೈಟು” ಎಂದು ಬೆರಳು ಮಡಚಿದರು. ಆರು, ಎರಡು, ಹತ್ತು. ಅಲ್ಲಿಂದ ಮುಂದೆ ಮಾತ್ರೆಯ ಹೊತ್ತನ್ನು ನಾವು ನೆನಪಿಸಬೇಕಾಗಲಿಲ್ಲ, ಅವರೇ ನೆನಪಿಸುತ್ತಿದ್ದರು. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಕೊಟ್ಟದ್ದಕ್ಕೆಲ್ಲ ಒಂದೊಂದು ಗೀಟು ಹಾಕುತ್ತಿದ್ದೆ. ಗೀಟಿನ ಪಕ್ಕದಲ್ಲಿ ಸೊನ್ನೆಯಿಂದ ಹತ್ತರವರೆಗೆ ನೋವಿನ ಅಂಕಿ. ಮೊದಲ ದಿನ 9. ಮೂರನೆಯ ದಿನ ಸಂಜೆ 3. ಆ ಸಂಜೆ ಅವರು ಉಪ್ಪಿಟ್ಟು ಕೇಳಿದರು. ಈ ಕ್ಯಾಲೆಂಡರು ಫೋನಿನಲ್ಲಿ ವೈದ್ಯರೊಂದಿಗೆ ಮಾತನಾಡುವಾಗ ಬಹಳ ಉಪಯೋಗಕ್ಕೆ ಬರುತ್ತದೆ: ‘ನೋವು ಜಾಸ್ತಿ’ ಎನ್ನುವ ಬದಲು ‘ನಿನ್ನೆ ಮಧ್ಯಾಹ್ನದಿಂದ 6’ ಎಂದು ಹೇಳಬಹುದು.

ಕೆಲವು ಎಚ್ಚರಿಕೆ. ಮಾರ್ಫಿನ್ ಮಲವನ್ನು ಕಟ್ಟುತ್ತದೆ, ತಪ್ಪದೆ ಕಟ್ಟುತ್ತದೆ. ಜೊತೆಗೆ ಮಲ ಸಡಿಲವಾಗಿಸುವ ಔಷಧಿ ಬರೆದಿಲ್ಲವೆಂದರೆ ಕೇಳಿ ಬರೆಸಿಕೊಳ್ಳಿ. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರಬಹುದು, ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಎಬ್ಬಿಸಿದರೂ ಏಳದಷ್ಟು ಮಂಪರಾದರೆ ಮುಂದಿನ ಮಾತ್ರೆ ಕೊಡದೆ ಫೋನ್ ಮಾಡಬೇಕು. ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಿ, ಅಂಥವರಲ್ಲಿ ಮಾರ್ಫಿನ್ ದೇಹದಲ್ಲಿ ಸೇರಿಕೊಳ್ಳುತ್ತದೆ. ಮಾತ್ರೆಯನ್ನು ಬೀಗದ ಕಪಾಟಿನಲ್ಲಿಡಿ, ಎಣಿಸಿಡಿ.

ಮನೆಯನ್ನು ಸಜ್ಜುಮಾಡುವುದು

ಗಾಳಿ ಬೆಳಕು ಬರುವ ಕೋಣೆ, ಹತ್ತಿರದಲ್ಲಿ ಬಚ್ಚಲು. ಮಂಚವನ್ನು ಗೋಡೆಯಿಂದ ಈಚೆಗೆ ಎಳೆದು, ಎರಡೂ ಕಡೆ ಜನ ನಿಲ್ಲುವಂತೆ ಮಾಡಿ. ಏಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ಗಾಳಿಹಾಸಿಗೆ ಇದ್ದರೂ ತಿರುಗಿಸಬೇಕು. ಸೊಂಟದ ಹಿಂದೆ, ಹಿಮ್ಮಡಿಯಲ್ಲಿ, ಭುಜದ ಮೂಳೆಯ ಮೇಲೆ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಿ. ಕೆಂಪಾದ ಜಾಗವನ್ನು ಉಜ್ಜಬೇಡಿ. ಹುಣ್ಣು ಬಿದ್ದು ವಾಸನೆ ಬರುತ್ತಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಮೆಟ್ರೊನಿಡಜೋಲ್ ಮಾತ್ರೆಯ ಪುಡಿಯಿಂದ ವಾಸನೆ ಇಳಿಯುತ್ತದೆ, ಹೇಗೆ ಹಾಕಬೇಕೆಂದು ನರ್ಸ್ ತೋರಿಸುತ್ತಾರೆ. ಉಸಿರು ಕಟ್ಟಿದಂತೆ ಆದಾಗ ತಲೆಕಡೆ ಎತ್ತರಿಸಿ, ಕಿಟಕಿ ತೆರೆದು, ಮುಖಕ್ಕೆ ಗಾಳಿ ಬೀಸಿದರೆ ಎಷ್ಟೋ ಹಗುರ. ನೆಂಟರು ಮಂಚದ ಸುತ್ತ ಕೋಟೆ ಕಟ್ಟಿ ನಿಲ್ಲುವುದನ್ನು ಮಾತ್ರ ತಡೆಯಿರಿ. ನಾನು ಬಾಗಿಲಿಗೆ ‘ಇಬ್ಬರು ಮಾತ್ರ, ಹತ್ತು ನಿಮಿಷ’ ಎಂದು ಚೀಟಿ ಅಂಟಿಸಿದೆ. ಬೈಸಿಕೊಂಡೆ. ಅಂಟಿಸಿದ ಚೀಟಿಯನ್ನು ತೆಗೆಯಲಿಲ್ಲ.

ಊಟದ ವಿಷಯಕ್ಕೆ ಹೆಚ್ಚು ಜಗಳ ನಡೆಯುವುದು. “ಏನೂ ತಿನ್ನುತ್ತಿಲ್ಲ, ಗ್ಲೂಕೋಸ್ ಹಾಕಿಸಿ” ಎನ್ನುವವರು ದಿನಕ್ಕೊಬ್ಬರು. ದೇಹ ಮುಗಿಯುತ್ತಾ ಬಂದಾಗ ಹಸಿವೂ ಹೋಗುತ್ತದೆ. ಉಣ್ಣದೆ ಸಾಯುತ್ತಿರುವುದಲ್ಲ, ಸಾವು ಹತ್ತಿರ ಬಂದದ್ದರಿಂದ ಉಣ್ಣುತ್ತಿಲ್ಲ. ಒತ್ತಾಯದಿಂದ ಬಾಯಿಗೆ ಹುಯ್ದ ಗಂಜಿ ಶ್ವಾಸಕೋಶಕ್ಕೆ ಇಳಿದರೆ ಬೇರೆಯದೇ ಯಾತನೆ. ಕೊನೆಯ ದಿನಗಳಲ್ಲಿ ಡ್ರಿಪ್ಸ್ ಕೊಟ್ಟರೆ ಕೈಕಾಲು ಊದಿ, ಎದೆಯಲ್ಲಿ ಕಫ ತುಂಬುವುದೂ ಉಂಟು. ಕೇಳಿದಾಗ, ಕೇಳಿದ್ದನ್ನು, ಕೇಳಿದಷ್ಟು. ರಾಗಿ ಅಂಬಲಿ ಎರಡು ಚಮಚ, ಮಜ್ಜಿಗೆ ಒಂದು ಗುಟುಕು. ಅದೂ ಆಗದಿದ್ದರೆ ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ತೇವ ಮಾಡುತ್ತಿದ್ದರೆ ಸಾಕು.

ಅವರಿಗೆ ಹೇಳುವುದೋ ಬೇಡವೋ

“ಅಪ್ಪನಿಗೆ ಹೇಳಬೇಡಿ, ಧೈರ್ಯಗೆಡುತ್ತಾರೆ” ಎಂದು ನಾನು ಗೇಟಿನ ಬಳಿಯೇ ಸಿಸ್ಟರ್‌ಗೆ ಹೇಳಿದ್ದೆ. ಅವರು ತಲೆಯಾಡಿಸಿ ಒಳಗೆ ಹೋಗಿ, ಅಪ್ಪನ ಪಕ್ಕ ಕುಳಿತು, “ನಿಮ್ಮ ಕಾಯಿಲೆ ಏನೆಂದು ನಿಮಗೆ ಅನಿಸಿದೆ?” ಎಂದಷ್ಟೇ ಕೇಳಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗನಿಗೆ ಹೇಳಬೇಡಿ, ಹೆದರುತ್ತಾನೆ. ಗೊತ್ತು” ಎಂದರು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ.

ರೋಗಿಗೆ ಎಷ್ಟು ತಿಳಿಯಬೇಕು ಎಂಬುದನ್ನು ರೋಗಿಯೇ ತೀರ್ಮಾನಿಸಲಿ. ಕೇಳಿದ್ದಕ್ಕೆ ಸುಳ್ಳು ಹೇಳದಿದ್ದರೆ ಸಾಕು. ಮಾತು ಬಿಚ್ಚಿಕೊಂಡರೆ ಆಗಬೇಕಾದ ಕೆಲಸಗಳೂ ಆಗುತ್ತವೆ: ಬ್ಯಾಂಕಿನ ನಾಮಿನಿ, ಪಿಂಚಣಿಯ ಕಾಗದ, ಪಹಣಿಯಲ್ಲಿರುವ ಹೆಸರು. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ಆದರೂ ನಾಲ್ಕು ಮಕ್ಕಳ ಮನೆಯಲ್ಲಿ ನೋಂದಾಯಿಸುವುದು ಮೇಲು.

ತೀವ್ರ ನಿಗಾ ಘಟಕ, ವೆಂಟಿಲೇಟರ್ ಬೇಡ ಎಂಬುದು ಅವರ ಇಚ್ಛೆಯಾದರೆ ಅದನ್ನೂ ಬರೆದಿಡಬಹುದು. ಇದನ್ನು ಲಿವಿಂಗ್ ವಿಲ್ ಎನ್ನುತ್ತಾರೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಇದಕ್ಕೆ ಮಾನ್ಯತೆ ಕೊಟ್ಟಿತು. ಮೊದಲು ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತನಗೆ ಮಾತನಾಡಲು ಆಗದಿದ್ದಾಗ ಯಾರು ತೀರ್ಮಾನಿಸಬೇಕು ಎಂದು ಹೆಸರನ್ನೂ ಬರೆಯಬೇಕು. ವೆಂಟಿಲೇಟರ್ ತೆಗೆಯುವ ಮಾತು ಬಂದಾಗ ಆಸ್ಪತ್ರೆಯಲ್ಲಿ ವೈದ್ಯರ ಎರಡು ಮಂಡಳಿಗಳು ನೋಡಿ ಒಪ್ಪಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದಕ್ಕಾಗಿ ಸುತ್ತೋಲೆ ಹೊರಡಿಸಿದೆ. ಇದು ದಯಾಮರಣದ ಚುಚ್ಚುಮದ್ದಲ್ಲ. ಅದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಹಾಸ್ಪಿಸ್‌ನಲ್ಲಿಯೂ ಯಾರೂ ಅದನ್ನು ಮಾಡುವುದಿಲ್ಲ.

ಕೊನೆಯ ದಿನಗಳು ಮತ್ತು ಆಮೇಲಿನ ಕಾಗದಗಳು

ನಿದ್ದೆ ಹೆಚ್ಚುತ್ತದೆ. ಮೂತ್ರ ಕಡಿಮೆಯಾಗುತ್ತದೆ. ಅಂಗೈ, ಅಂಗಾಲು ತಣ್ಣಗಾಗಿ ಚರ್ಮದ ಮೇಲೆ ನೀಲಿ ಮಚ್ಚೆಗಳು ಕಾಣುತ್ತವೆ. ಉಸಿರು ಜೋರಾಗಿ, ನಿಂತು, ಮತ್ತೆ ಬರುತ್ತದೆ. ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ. ಕೇಳುವವರಿಗೆ ಹಿಂಸೆ, ಆದರೆ ಆ ಹೊತ್ತಿಗೆ ರೋಗಿಗೆ ಅದರ ಅರಿವು ಬಹುಶಃ ಇರುವುದಿಲ್ಲ. ಒಂದು ಮಗ್ಗುಲಿಗೆ ಮಲಗಿಸಿದರೆ ಸದ್ದು ಕಡಿಮೆಯಾಗುತ್ತದೆ. ಇವೆಲ್ಲ ಬರುವ ಮೊದಲೇ ನರ್ಸ್ ಹತ್ತಿರ ಕುಳಿತು, ಯಾವುದಕ್ಕೆ ಏನು ಕೊಡಬೇಕು ಎಂದು ಬರೆಸಿಕೊಳ್ಳಿ. ಮನೆಯಲ್ಲೇ ಇರಬೇಕೆಂಬುದು ಅವರ ಆಸೆಯಾದರೆ, ಗಾಬರಿಯಲ್ಲಿ 108ಕ್ಕೆ ಫೋನ್ ಮಾಡುವುದು ಯಾರೆಂದು ಮೊದಲೇ ಯೋಚಿಸಿ, ಅವರಿಗೆ ತಿಳಿಹೇಳಿ. ಆಂಬುಲೆನ್ಸ್ ಬಂದರೆ ಆಸ್ಪತ್ರೆಗೆ ಒಯ್ಯುವುದು, ಹೃದಯ ನಿಂತಿದ್ದರೆ ಎದೆ ಒತ್ತುವುದು ಅದರಲ್ಲಿ ಬಂದವರ ಕರ್ತವ್ಯ.

ಕಾಯಿಲೆಯಿಂದ ಮನೆಯಲ್ಲಿ ಸಂಭವಿಸಿದ ಸಹಜ ಸಾವಿಗೆ ಪೊಲೀಸರು, ಮರಣೋತ್ತರ ಪರೀಕ್ಷೆ ಬೇಕಿಲ್ಲ. ನೋಡುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ ಪಡೆಯಿರಿ. ಹಾಗಾಗಿಯೇ, ಕೊನೆಯ ವಾರಗಳಲ್ಲಿ ಒಬ್ಬ ವೈದ್ಯರಾದರೂ ರೋಗಿಯನ್ನು ಕಣ್ಣಾರೆ ನೋಡಿರುವುದು ಒಳ್ಳೆಯದು. ಮರಣ ನೋಂದಣಿಯನ್ನು 21 ದಿನದೊಳಗೆ ಮಾಡಿಸಿದರೆ ತಡದ ಶುಲ್ಕವಿಲ್ಲ. ಪ್ರಮಾಣಪತ್ರದ ಪ್ರತಿಗಳನ್ನು ಒಂದೇ ಸಲ ಐದಾರು ತೆಗೆದುಕೊಳ್ಳಿ. ಬ್ಯಾಂಕಿಗೆ, ಪಿಂಚಣಿಗೆ, ಪೌತಿ ಖಾತೆಗೆ ಎಲ್ಲಕ್ಕೂ ಕೇಳುತ್ತಾರೆ.

ಉಳಿದ ಮಾರ್ಫಿನ್ ಮಾತ್ರೆಗಳನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಕೊಟ್ಟ ಕೇಂದ್ರಕ್ಕೇ ಎಣಿಸಿ ಹಿಂದಿರುಗಿಸಿ, ಬರೆಸಿಕೊಂಡು ಬನ್ನಿ. ನಮ್ಮಲ್ಲಿ ಉಳಿದದ್ದು ಇಪ್ಪತ್ತಮೂರು. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ, ಮಾತ್ರೆಗಳನ್ನೂ ಗಾಳಿಹಾಸಿಗೆಯನ್ನೂ ಮೈಸೂರಿಗೆ ಒಯ್ದೆ. ಹಾಸಿಗೆಯನ್ನು ಡೆಟಾಲ್ ನೀರಿನಲ್ಲಿ ಒರೆಸಿ ಮಡಚಿದ್ದೆವು. ಕೇಂದ್ರದ ಹುಡುಗ ಅದನ್ನು ಒಳಗೆ ಕೊಂಡೊಯ್ಯಲಿಲ್ಲ. ಗೇಟಿನ ಹತ್ತಿರವೇ ಪಂಪಿಗೆ ಹಚ್ಚಿ ಗಾಳಿ ಸೋರುತ್ತಿಲ್ಲವೆಂದು ನೋಡಿ, ಹೊರಡಲು ನಿಂತಿದ್ದ ಗಾಡಿಗೆ ಹಾಕಿದ. ನಂಜನಗೂಡಿನ ಕಡೆಯವರೊಬ್ಬರು ಬೆಳಗ್ಗೆಯಿಂದ ಕಾಯುತ್ತಿದ್ದರಂತೆ.